ಗುಡ್ಡೆ ಹತ್ತಿದ ಟಯರು, ಸುಟ್ಟ ಬೆಲ್ಟು: ತೋಟದ ಎಟಿವಿಯೊಂದರ ಪ್ರಕರಣ

ಉಡುಪಿ ಜಿಲ್ಲೆಯಲ್ಲಿ, ಘಟ್ಟದ ಬುಡದ ಒಂದು ಅಡಿಕೆ ತೋಟದ ಸಂಗತಿ ಇದು. ಅಲ್ಲಿನ ಎಟಿವಿಗೆ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಸಣ್ಣ ಬಂಡಿಗೆ, ಕಂಪನಿ ಟಯರು ತೆಗೆದು ದೊಡ್ಡ ಟಯರು ಹಾಕಿಸಿದರು. ಅರ್ಧ ಮಳೆಗಾಲ ಓಡಿಸಿದರು. ಆಮೇಲೆ ತೆಗೆದರು. ಯಾಕೆ ಹಾಕಿಸಿದರು, ಯಾಕೆ ತೆಗೆದರು, ನಡುವೆ ಏನಾಯಿತು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ತೋಟದ ಯಜಮಾನರೂ ಗ್ಯಾರೇಜಿನವರೂ ಒಪ್ಪಿದ್ದಾರೆ. ಊರು, ಹೆಸರು, ಬಂಡಿಯ ಕಂಪನಿ ಮೂರನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಆಚೀಚೆ ಮಾಡಿದ್ದೇನೆ. ಯಂತ್ರದ ಲೆಕ್ಕ ಮಾತ್ರ ಇದ್ದ ಹಾಗೇ ಇದೆ.

ತೋಟ ಮತ್ತು ಬಂಡಿ

ಮನೆ ನಡುವೆ. ಕೆಳಗೆ ತೋಡಿನ ಪಕ್ಕದಲ್ಲಿ ಹಿಂದಿನಿಂದ ಬಂದ ಹಳೇ ತೋಟ. ಮೇಲೆ, ಮೊದಲು ಗೇರು ಮರ ಇದ್ದ ಗುಡ್ಡೆಯಲ್ಲಿ, ಬೋರ್‌ವೆಲ್ ನೀರು ನಂಬಿ ಎಬ್ಬಿಸಿದ ಹೊಸ ತೋಟ. ಕರಾವಳಿಯಲ್ಲಿ ಈಗ ಇಂಥ ತೋಟ ಎಲ್ಲ ಕಡೆ ಕಾಣುತ್ತದೆ. ಕೆಳಗಿನದು ಮಳೆಗಾಲದಲ್ಲಿ ಕೆಸರು. ಮೇಲಿನದಕ್ಕೆ ಹೋಗುವ ದಾರಿ ಕೆಂಪು ಮಣ್ಣಿನ ಏರು, ನಡುನಡುವೆ ಮುರಕಲ್ಲಿನ ಹಾಸು, ಜೂನ್ ಕಳೆಯುವಷ್ಟರಲ್ಲಿ ಅದರ ಮೇಲೆ ಪಾಚಿ. ವರ್ಷಕ್ಕೆ 4000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಾಗ. ದಾರಿ ಅಂದರೆ ವರ್ಷದಲ್ಲಿ ನಾಲ್ಕು ತಿಂಗಳು ನೀರು ಹರಿಯುವ ಜಾಗವೂ ಹೌದು.

ಬಂಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಬಂದದ್ದು. 500 ಸಿಸಿ ಆಸುಪಾಸಿನ ಎಂಜಿನ್, ಬೇಕಾದಾಗ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸ್ವಿಚ್, ಬೆಲ್ಟ್ ಡ್ರೈವ್. ಹಿಂದೆ ಸಣ್ಣ ಟ್ರೇಲರ್. ತಲೆಹೊರೆಗೆ ಜನ ಸಿಗುವುದಿಲ್ಲ, ಸಿಕ್ಕಿದವರಿಗೂ ಆ ಏರು ಹತ್ತುವ ಮನಸ್ಸಿಲ್ಲ. ಹಾಗಾಗಿ ಗೊಬ್ಬರ, ಗೊನೆ, ಎಲ್ಲಕ್ಕಿಂತ ಮುಖ್ಯವಾಗಿ ಬೋರ್ಡೋ ದ್ರಾವಣದ ಡ್ರಮ್ಮು, ಎಲ್ಲ ಇದರ ಬೆನ್ನಿಗೆ ಬಿತ್ತು. ಕೊಳೆರೋಗಕ್ಕೆ ಒಂದು ಮದ್ದು ಮಳೆ ಹಿಡಿಯುವ ಮೊದಲು, ಇನ್ನೊಂದು ನಲವತ್ತು ನಲವತ್ತೈದು ದಿನ ಬಿಟ್ಟು, ಅಂದರೆ ಸರೀ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ 2 ಕಿಲೋ ಮೈಲುತುತ್ತು, 2 ಕಿಲೋ ಸುಣ್ಣ. ಕಲಸುವುದು ಮನೆ ಅಂಗಳದಲ್ಲಿ, ಬಿಡುವುದು ಗುಡ್ಡೆಯಲ್ಲಿ. ಡ್ರಮ್ಮು, ನೀರು, ಮದ್ದು ಬಿಡುವ ಎಚ್‌ಟಿಪಿ ಪಂಪು, ಪೈಪು ಎಲ್ಲ ಸೇರಿ ಟ್ರೇಲರಿನಲ್ಲಿ ಮುನ್ನೂರು ಕಿಲೋ ಹತ್ತಿರ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಬಂಡಿಗೆ ನೋಂದಣಿ ಇಲ್ಲ. ಡಾಂಬರು ರಸ್ತೆಗೆ ಇಳಿಸುವ ಹಾಗಿಲ್ಲ. ಗ್ಯಾರೇಜಿಗೆ ಹೋಗುವಾಗೆಲ್ಲ ಪಿಕಪ್‌ನಲ್ಲಿ ಏರಿಸಿಕೊಂಡೇ ಹೋದರು. ಸರಿಯಾದ ಕ್ರಮ. ಆದರೆ ಇದರಿಂದ ಒಂದು ತೊಂದರೆಯೂ ಆಯಿತು, ಮುಂದೆ ಬರುತ್ತದೆ.

ತೊಂದರೆ ಎರಡು, ಕಂಡದ್ದು ಒಂದು

ಹಿಂದಿನ ಮಳೆಗಾಲದಲ್ಲಿ ಬಂಡಿ ಎರಡು ಕಡೆ ಕೈಕೊಡುತ್ತಿತ್ತು. ಕೆಳಗಿನ ತೋಟದಲ್ಲಿ ಚಕ್ರದ ಜಾಡು ಆಳವಾಗಿ, ನಡುವಿನ ದಿಣ್ಣೆಗೆ ಬಂಡಿಯ ಹೊಟ್ಟೆ ತಾಗಿ ಕೂರುತ್ತಿತ್ತು. ಹೊಟ್ಟೆ ಕೂತ ಮೇಲೆ ನಾಲ್ಕು ಚಕ್ರ ತಿರುಗಿದರೂ ಒಂದೇ, ತಿರುಗದಿದ್ದರೂ ಒಂದೇ. ಮೇಲಿನ ಏರಿನಲ್ಲಿ ಹೊಟ್ಟೆ ತಾಗುತ್ತಿರಲಿಲ್ಲ. ಅಲ್ಲಿ ಒಂದು ತಿರುವಿನಲ್ಲಿ, ಪಾಚಿ ಹಿಡಿದ ಮುರಕಲ್ಲಿನ ಮೇಲೆ, ಚಕ್ರ ಸುಮ್ನೆ ತಿರುಗುತ್ತಿತ್ತು. ಆಗ ಅರ್ಧ ಡ್ರಮ್ಮು ಚೆಲ್ಲಿ ಹತ್ತಿಸುತ್ತಿದ್ದರು.

ಯಜಮಾನರಿಗೆ ಇವೆರಡೂ ಒಂದೇ ಕಾಯಿಲೆ ಅನ್ನಿಸಿತು: ಟಯರು ಸಣ್ಣದು. ನೆಲದಿಂದ ಎತ್ತರ ಇಲ್ಲದ್ದು ಒಂದು ಸಮಸ್ಯೆ, ಹಿಡಿತ ಇಲ್ಲದ್ದು ಬೇರೆ ಸಮಸ್ಯೆ. ದೊಡ್ಡ ಟಯರು ಎರಡಕ್ಕೂ ಮದ್ದಾಗಬಹುದು, ನಿಜ. ಆದರೆ ಎರಡನ್ನೂ ಬೇರೆಬೇರೆಯಾಗಿ ಯಾರೂ ನೋಡಲಿಲ್ಲ. ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಇದೇ, ಟಯರು ಅಂಗಡಿಗೆ ಹೋಗುವ ಮೊದಲೇ ನಡೆದುಹೋದದ್ದು.

ಟಯರಿನ ಲೆಕ್ಕ

ಬಂಡಿಯಲ್ಲಿ ಇದ್ದದ್ದು ಮುಂದೆ 25×8-12, ಹಿಂದೆ 25×10-12. ಎಟಿವಿ ಟಯರಿನ ಅಂಕಿ ಓದುವುದು ಸುಲಭ: ಎತ್ತರ 25 ಇಂಚು, ಅಗಲ 8 ಅಥವಾ 10, ರಿಮ್ 12. ಯಜಮಾನರ ಮನಸ್ಸಿನಲ್ಲಿ ಇದ್ದದ್ದು 28 ಇಂಚಿನ ಮಡ್ ಟಯರ್, ಆಳವಾದ ಗಟ್ಟೆ (ಟಯರಿನ ಮೈಮೇಲಿನ ರಬ್ಬರ್ ಉಬ್ಬು) ಇರುವಂಥದ್ದು.

ಗ್ಯಾರೇಜಿನವರು 26 ಅಥವಾ 27 ಸಾಕು ಅಂದರು. ಎತ್ತರ ಮೂರು ಇಂಚು ಜಾಸ್ತಿಯಾದರೆ ಅಚ್ಚು ನೆಲದಿಂದ ಏಳುವುದು ಅದರ ಅರ್ಧ, ಒಂದೂವರೆ ಇಂಚು ಮಾತ್ರ. ಅದಕ್ಕೆ ಬದಲಾಗಿ ಚಕ್ರ ಒಂದು ಸುತ್ತಿಗೆ ಕ್ರಮಿಸುವ ದೂರ ಸುಮಾರು 2 ಮೀಟರಿನಿಂದ 2.23 ಮೀಟರಿಗೆ ಹೋಗುತ್ತದೆ. ಅಂದರೆ ಇಡೀ ಬಂಡಿಯ ಗೇರು 12 ಶೇಕಡಾ ಭಾರವಾದ ಹಾಗೆ. ಎಂಜಿನ್ ಅದೇ, ಎಳೆಯುವ ಬಲ ಅಷ್ಟು ಕಡಿಮೆ. ಬ್ರೇಕೂ ಅಷ್ಟೇ ಪಾಲು ಸೋಲುತ್ತದೆ. ಮೀಟರ್ 20 ತೋರಿಸುವಾಗ ಬಂಡಿ 22ರ ಮೇಲೆ ಓಡುತ್ತಿರುತ್ತದೆ.

"ಹಾಕುವುದಾದರೆ ದೊಡ್ಡದೇ ಹಾಕುವ ಮಾರಾಯ್ರೇ, ಎರಡೆರಡು ಸಲ ಖರ್ಚು ಯಾಕೆ" ಎಂದರು ಯಜಮಾನರು. ಈ ಮಾತಿನಲ್ಲಿ ತಪ್ಪು ಕಾಣುವುದು ಕಷ್ಟ. ಟಯರು ಹೊರಗಿನಿಂದ ತರಿಸಬೇಕು, ಬಂಡಿ ಸಾಗಿಸಲು ಪಿಕಪ್ ಬಾಡಿಗೆ ಬೇರೆ.

ಬಂದ ಟಯರನ್ನು ತೋಟದವರು ಅಡಿಕೆ ತೂಗುವ ಯಂತ್ರದ ಮೇಲೆ ಇಟ್ಟು ನೋಡಿದರು. ಹಳೆಯದಕ್ಕಿಂತ ಒಂದೊಂದೂ ಐದಾರು ಕಿಲೋ ಜಾಸ್ತಿ. ಈ ತೂಕ ಟ್ರೇಲರಿನಲ್ಲಿ ಕೂರುವ ತೂಕದ ಹಾಗಲ್ಲ. ತಿರುಗುವ ತೂಕ, ಶಾಕ್ ಅಬ್ಸಾರ್ಬರಿನ ಕೆಳಗೆ ನೇತಾಡುವ ತೂಕ. ಟೈ ರಾಡ್, ಬಾಲ್ ಜಾಯಿಂಟ್, ಚಕ್ರದ ಬೇರಿಂಗ್ ಎಲ್ಲಕ್ಕೂ ಅದರ ಪೆಟ್ಟು ನೇರ.

ಜೋಡಿಸುವ ಕೆಲಸವನ್ನು ಮಾತ್ರ ಗ್ಯಾರೇಜಿನವರು ಬಹಳ ಚೆನ್ನಾಗಿ ಮಾಡಿದರು. ಬಂಡಿ ಸುಮ್ಮನೆ ನಿಂತಾಗ ಟಯರು ಎಲ್ಲೂ ತಾಗಲಿಲ್ಲ. ಅದಕ್ಕೆ ಖುಷಿಪಡಲಿಲ್ಲ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿದರು. ಚಕ್ರದ ಕೆಳಗೆ ಜ್ಯಾಕ್ ಕೊಟ್ಟು, ಗುಂಡಿಗೆ ಬಿದ್ದಾಗ ಎಷ್ಟು ಮೇಲೆ ಬರುತ್ತದೋ ಅಷ್ಟು ಎತ್ತಿದರು. ಟಯರಿನ ಅಂಚಿಗೆಲ್ಲ ಸೀಮೆಸುಣ್ಣ ಬಳಿದು ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿದರು. ಕಾಲಿಡುವ ಪ್ಲಾಸ್ಟಿಕ್ಕಿನ ಮುಂದಿನ ಮೂಲೆಯಲ್ಲಿ ಬಿಳಿ ಗೆರೆ ಬಂತು, ಎರಡೂ ಕಡೆ. ಅಲ್ಲಿ ಹೀಟ್ ಗನ್ನಿನಿಂದ ಬಿಸಿ ಮಾಡಿ ಒಳಕ್ಕೆ ಒತ್ತಿದರು, ಸ್ವಲ್ಪ ಕತ್ತರಿಸಿದರು. ನಾಲ್ಕೂ ಚಕ್ರಕ್ಕೆ ಹೀಗೇ. ಮನೆಯಲ್ಲೇ ಟಯರು ಬದಲಿಸುವವರು ಬೇರೆ ಏನು ಬಿಟ್ಟರೂ ಈ ಪರೀಕ್ಷೆ ಬಿಡಬಾರದು.

ಸ್ಪೇಸರ್ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳುವ, ಲಿಫ್ಟ್ ಕಿಟ್ ಹಾಕಿ ಬಂಡಿ ಎತ್ತುವ ಮಾತೂ ಬಂತು. ಸ್ಪೇಸರಿನಿಂದ ಬೇರಿಂಗಿಗೆ ಭಾರ ಜಾಸ್ತಿ. ಲಿಫ್ಟ್ ಮಾಡಿದರೆ ಆಕ್ಸಲ್ಲಿನ ಸಿವಿ ಜಾಯಿಂಟ್ ಹೆಚ್ಚು ಬಾಗಿಕೊಂಡು ತಿರುಗಬೇಕು, ಬೇಗ ಸವೆಯುತ್ತದೆ. ಎರಡೂ ಬೇಡವೆಂದರು. ನಾಲ್ಕೂ ಟಯರು ಒಂದೇ ಎತ್ತರ ಇರಬೇಕೆಂದು ಹಟ ಹಿಡಿದದ್ದೂ ಸರಿಯೇ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಬಂಡಿಯಲ್ಲಿ ಮುಂದೆ ಒಂದು ಎತ್ತರ, ಹಿಂದೆ ಒಂದು ಎತ್ತರ ಆದರೆ ಒಂದನ್ನೊಂದು ಎಳೆದಾಡಿಕೊಳ್ಳುತ್ತವೆ.

ಬಿಟ್ಟುಹೋದದ್ದು ಒಂದೇ. ಬೆಲ್ಟಿಗೆ ಹಿಡಿತ ಕೊಡುವ ಕ್ಲಚ್ಚಿನ ರೋಲರ್ ತೂಕ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳಿದ್ದರು. ಬಿಡಿಭಾಗ ಬರಲು ತಡ, ಖರ್ಚು ಬೇರೆ. ಮೇ ಕೊನೆಯ ಪತ್ತನಾಜೆ ಕಳೆದಿತ್ತು, ಮೋಡ ಕಟ್ಟುತ್ತಿತ್ತು. "ಮಳೆ ಕಳೀಲಿ, ಮತ್ತೆ ಮಾಡುವ" ಎಂದಾಯಿತು.

ಜೂನ್ ತಿಂಗಳು ಚೆನ್ನಾಗಿಯೇ ಕಳೆಯಿತು

ಕೆಳಗಿನ ತೋಟದಲ್ಲಿ ಬಂಡಿ ಹೂತದ್ದೇ ಇಲ್ಲ. ಹೊಟ್ಟೆ ದಿಣ್ಣೆ ಮುಟ್ಟಲಿಲ್ಲ. ಆಳದ ಗಟ್ಟೆಗಳು ಕೆಸರನ್ನು ಅಗೆದು ಹಿಂದಕ್ಕೆ ಎಸೆದು ಮುಂದೆ ಹೋದವು. ನೋಡಲು ಬಂದ ನೆರೆಮನೆಯವರೆಲ್ಲ ಟಯರಿನ ಕಂಪನಿ ಕೇಳಿಕೊಂಡು ಹೋದರು.

ಅಗೆಯುತ್ತಿತ್ತು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಡಿಕೆ ಬೇರು ಮೇಲ್ಮೈ ಹತ್ತಿರವೇ ಹರಡುವಂಥದ್ದು. ಸಾಲಿನ ನಡುವೆ ಬಂಡಿ ಹೋದ ಜಾಗದಲ್ಲಿ ತುಂಡಾದ ಬೇರು ಮೇಲೆ ಬಂದಿತ್ತು. ಗುಡ್ಡೆ ದಾರಿಯಲ್ಲಿ ಮೊದಲು ಗಟ್ಟಿಯಾಗಿದ್ದ ಮಣ್ಣು ಸಡಿಲವಾಯಿತು, ಸಡಿಲವಾದದ್ದು ಮಳೆಗೆ ಕೊಚ್ಚಿಹೋಯಿತು. ಜುಲೈ ಬರುವಾಗ ಎರಡು ಜಾಡುಗಳು ಎರಡು ಸಣ್ಣ ಕಣಿಗಳಾಗಿದ್ದವು. ದಾರಿ ಕೆಟ್ಟಷ್ಟೂ ದೊಡ್ಡ ಟಯರು ಬೇಕೆನ್ನಿಸುತ್ತದೆ, ದೊಡ್ಡ ಟಯರು ದಾರಿಯನ್ನು ಇನ್ನೂ ಕೆಡಿಸುತ್ತದೆ. ಯಜಮಾನರಿಗೆ ಇದು ಕಾಣಲಿಲ್ಲ ಅಂತಲ್ಲ. ಬಂಡಿ ಹೋಗುತ್ತಿತ್ತಲ್ಲ, ಮತ್ತೆ ನೋಡುವ ಅಂದುಕೊಂಡರು.

ತಿರುವಿನಲ್ಲಿ

ಎರಡನೇ ಮದ್ದಿನ ಸಮಯ. ಬೆಳಿಗ್ಗೆ ಮಳೆ ನಿಂತು ಸ್ವಲ್ಪ ಹೊಳವು ಬಿಟ್ಟಿತ್ತು. ಹೊಳವು ಸಿಕ್ಕಿದಾಗಲೇ ಮದ್ದು ಬಿಡಬೇಕು, ಹಾಗಾಗಿ ಅವಸರ. ಟ್ರೇಲರಿನಲ್ಲಿ ಪೂರ್ತಿ ತುಂಬಿದ ಡ್ರಮ್ಮು. ಓಡಿಸುವವನು ತೋಟದಲ್ಲಿ ವರ್ಷಗಳಿಂದ ಇರುವ ಯುವಕ, ಬಂಡಿ ಚೆನ್ನಾಗಿ ಬಲ್ಲವನು. ಗೇರು ಎಚ್‌ನಲ್ಲಿ (ಹೈ). ಎಲ್ ಗೇರು (ಲೋ) ಅವನು ಹಾಕುತ್ತಲೇ ಇರಲಿಲ್ಲ. ಲಿವರ್ ಗಟ್ಟಿ, ಮತ್ತೆ ಎಲ್ ಎಂದರೆ ನಿಧಾನ, ಅಷ್ಟೇ ಎಂದು ಅವನ ಲೆಕ್ಕ.

ಏರಿನ ಮೊದಲರ್ಧ ಸಲೀಸು. ತಿರುವಿಗೆ ಬಂದಾಗ ವೇಗ ಇಳಿಯಿತು. ಹಿಂದಿನ ವರ್ಷ ಇದೇ ಜಾಗದಲ್ಲಿ ಚಕ್ರ ತಿರುಗಿ ಜಾರುತ್ತಿತ್ತು. ಈ ಸಲ ಜಾರಲಿಲ್ಲ. ಗಟ್ಟೆಗಳು ಕಲ್ಲಿನ ಸಂದಿಯನ್ನು ಕಚ್ಚಿ ಹಿಡಿದವು. ಎಂಜಿನ್ ಮೊರೆಯಿತು, ಬಂಡಿ ಮುಂದೆ ಹೋಗಲಿಲ್ಲ. ಎಡಗಾಲಿನ ಹತ್ತಿರದಿಂದ ರಬ್ಬರು ಸುಟ್ಟ ವಾಸನೆ. ಅವನು ಇನ್ನೂ ಸ್ವಲ್ಪ ಥ್ರಾಟಲ್ ಕೊಟ್ಟ. ಯಾರಾದರೂ ಅದನ್ನೇ ಮಾಡುತ್ತಿದ್ದರು. ಸಣ್ಣಗೆ ಬಿಳಿ ಹೊಗೆ ಎದ್ದಿತು. ಥ್ರಾಟಲ್ ಬಿಟ್ಟ ತಕ್ಷಣ ಬಂಡಿ ಹಿಂದಕ್ಕೆ ಜಾರತೊಡಗಿತು.

ಬೆಲ್ಟ್ ಹಿಡಿತ ಬಿಟ್ಟಿದ್ದರಿಂದ ಎಂಜಿನ್ನಿನ ತಡೆ ಇಲ್ಲ. ಕೆಸರು ತುಂಬಿದ ಬ್ರೇಕು, ಅದೂ ದೊಡ್ಡ ಚಕ್ರಕ್ಕೆ. ಟ್ರೇಲರ್ ಒಂದು ಕಡೆಗೆ ಮಡಚಿಕೊಂಡು ದರೆಗೆ ಒತ್ತಿ ನಿಂತಿತು. ಡ್ರಮ್ಮು ಮಗುಚಿ ದಾರಿಯೆಲ್ಲ ನೀಲಿ. ಯಾರಿಗೂ ಏನೂ ಆಗಲಿಲ್ಲ. ಆದರೆ ದರೆ ಇದ್ದದ್ದು ಎಡಕ್ಕೆ. ಬಲಕ್ಕೆ ಮಡಚಿದ್ದರೆ ಎರಡು ಆಳು ಎತ್ತರದ ಇಳಿಜಾರು.

"ಟಯರು ಜಾರ್ಲಿಲ್ಲ ಅಣ್ಣ, ಒಳಗೆ ಎಂತದೋ ಜಾರಿದ್ದು" ಎಂದ ಅವನು ಯಜಮಾನರಿಗೆ. ಆಮೇಲೆ ಬಂಡಿ ಬಿಚ್ಚಿ ಗ್ಯಾರೇಜಿನವರು ಹೇಳಿದ್ದೂ ಅಷ್ಟೇ.

ಮುಚ್ಚಳ ತೆಗೆದಾಗ

ನನ್ನನ್ನು ಕೇಳಿದ್ದು ಈ ಹಂತದಲ್ಲಿ. ಗ್ಯಾರೇಜಿನಲ್ಲಿ ಸಿವಿಟಿಯ, ಅಂದರೆ ಬೆಲ್ಟ್ ಡ್ರೈವ್‌ನ, ಮುಚ್ಚಳ ತೆಗೆದಾಗ ನಾನೂ ಇದ್ದೆ. ಒಳಗೆಲ್ಲ ಕಪ್ಪು ಪುಡಿ. ಬೆಲ್ಟಿನ ಎರಡೂ ಮಗ್ಗುಲು ಗಾಜಿನ ಹಾಗೆ ಹೊಳೆಯುತ್ತಿತ್ತು. ಒಂದು ಜಾಗದಲ್ಲಿ ಗೇಣಿಗಿಂತ ಕಡಿಮೆ ಉದ್ದಕ್ಕೆ ಬೆಲ್ಟು ಸವೆದು ಸಪೂರವಾಗಿತ್ತು. ಬೆಲ್ಟು ನಿಂತಲ್ಲೇ ನಿಂತು, ಎಂಜಿನ್ ಕಡೆಯ ರಾಟೆ ಅದನ್ನು ಉಜ್ಜುತ್ತ ತಿರುಗಿದರೆ ಮಾತ್ರ ಹೀಗೆ ಒಂದೇ ಕಡೆ ಸವೆಯುತ್ತದೆ.

ಸ್ಕೂಟರ್ ಓಡಿಸುವವರಿಗೆ ಈ ಪದ್ಧತಿ ಗೊತ್ತು. ಎರಡು ರಾಟೆ, ನಡುವೆ ಬೆಲ್ಟು. ಎಂಜಿನ್ ವೇಗ ಏರಿದ ಹಾಗೆ ರೋಲರುಗಳು ಹೊರಕ್ಕೆ ಸರಿದು ರಾಟೆಯ ಎರಡು ಹೋಳನ್ನು ಒತ್ತುತ್ತವೆ, ಬೆಲ್ಟಿಗೆ ಹಿಡಿತ ಬರುತ್ತದೆ. ವೇಗ ಕಡಿಮೆ, ಭಾರ ಜಾಸ್ತಿ ಇದ್ದಾಗ ಒತ್ತುವ ಬಲ ಸಾಲುವುದಿಲ್ಲ. ಎಲ್ ಗೇರು ಇರುವುದು ಬೆಲ್ಟಿನ ಆಚೆ. ಅದನ್ನು ಹಾಕಿದರೆ ಚಕ್ರ ಅಷ್ಟೇ ನಿಧಾನ ತಿರುಗಿದರೂ ಬೆಲ್ಟು ವೇಗವಾಗಿ ತಿರುಗುತ್ತದೆ, ಅದರ ಮೇಲಿನ ಎಳೆತ ಇಳಿಯುತ್ತದೆ. ಎಲ್ ಎಂದರೆ ಬೆಲ್ಟು ಉಳಿಸುವ ಗೇರು.

ಹಳೇ ಟಯರು ಪಾಚಿ ಮೇಲೆ ಜಾರುತ್ತಿದ್ದದ್ದು ಮನೆಯ ಫ್ಯೂಸಿನ ಹಾಗೆ ಕೆಲಸ ಮಾಡುತ್ತಿತ್ತು. ಭಾರ ಮಿತಿ ಮೀರಿದ ತಕ್ಷಣ ಚಕ್ರ ಜಾರುತ್ತಿತ್ತು, ಬೆಲ್ಟಿನವರೆಗೆ ಪೆಟ್ಟು ಹೋಗುತ್ತಲೇ ಇರಲಿಲ್ಲ. ಜಾರದ ಟಯರು ಹಾಕಿದ ಮೇಲೆ ಆ ಜಾರುವಿಕೆ ಬೆಲ್ಟಿಗೆ ವರ್ಗವಾಯಿತು. ಚಕ್ರ ಜಾರಿದರೆ ಅರ್ಧ ಗಂಟೆ ನಷ್ಟ. ಬೆಲ್ಟು ಜಾರಿದರೆ ಬೆಲ್ಟೇ ನಷ್ಟ, ಏರಿನಲ್ಲಿ ಎಂಜಿನ್ನಿನ ತಡೆಯೂ ಇಲ್ಲ. ಅದರ ಮೇಲೆ 12 ಶೇಕಡಾ ಭಾರವಾದ ಗೇರು, ಬದಲಾಗದ ರೋಲರ್, ಎಚ್ ಗೇರು. ಮೂರರಲ್ಲಿ ಒಂದು ಇಲ್ಲದಿದ್ದರೂ ಬಹುಶಃ ಬಂಡಿ ಹತ್ತುತ್ತಿತ್ತು.

ಮುಂದಿನ ಎಡ ಆಕ್ಸಲ್ಲಿನ ಸಿವಿ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟೂ ಹರಿದಿತ್ತು. ಗ್ರೀಸ್ ಇದ್ದ ಜಾಗದಲ್ಲಿ ಕೆಂಪು ಕೆಸರು. ಇದಕ್ಕೆ ಟಯರೇ ಕಾರಣವೋ ಕೋಲು ಚುಚ್ಚಿತೋ, ಹೇಳಲಾಗದು. ಜಾಯಿಂಟ್ ಮಾತ್ರ ಕಟಕಟ ಅನ್ನುತ್ತಿತ್ತು.

ಮುಳ್ಳು ಕೊನೆಗೆ ಹೋಗಿ ನಿಂತಿತು

ಹೊಸ ಬೆಲ್ಟು ಹಾಕಿದರು. ರಾಟೆಗೆ ಅಂಟಿದ ರಬ್ಬರನ್ನು ಸಣ್ಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ತೆಗೆದರು. ಗುಡ್ಡೆಯ ಅರ್ಧ ತೋಟಕ್ಕೆ ಮದ್ದು ಬಾಕಿ, ಮುಂದೇನೆಂದು ತೀರ್ಮಾನಿಸುವವರೆಗೆ ಬಂಡಿ ಓಡಬೇಕು. ಹಳೇ ಟಯರುಗಳು ರಿಮ್ಮಿನ ಸಮೇತ ಕೊಟ್ಟಿಗೆಯಲ್ಲಿ ಇದ್ದವು. ಹೊಸ ಟಯರಿಗೆ ಬೇರೆ ರಿಮ್ ತೆಗೆದುಕೊಂಡಿದ್ದರು, ಅದೊಂದು ಒಳ್ಳೆಯ ಖರ್ಚು. ಹಳೆಯದನ್ನೇ ತಾತ್ಕಾಲಿಕವಾಗಿ ಹಾಕುವ ಎಂದರು.

ಗ್ಯಾರೇಜಿನವರ ಹತ್ತಿರ ಕಡಿಮೆ ಒತ್ತಡ ಅಳೆಯುವ ಗೇಜ್ ಇತ್ತು, 10 ಪಿಎಸ್‌ಐವರೆಗೆ ಮಾತ್ರ ಗುರುತು ಇರುವಂಥದ್ದು. ಹಳೇ ಟಯರಿನ ವಾಲ್ವಿಗೆ ಒತ್ತಿದರು. ಮುಳ್ಳು ಒಂದೇ ಸಲಕ್ಕೆ ಕೊನೆಗೆ ಹೋಗಿ ನಿಂತಿತು. ನಾಲ್ಕೂ ಚಕ್ರಕ್ಕೆ ಹಾಗೇ. ಎಟಿವಿ ಟಯರಿಗೆ ಬೇಕಾದದ್ದು ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ, ಬಂಡಿಯ ಮೇಲೇ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಇದಕ್ಕೆ ಗಾಳಿ ಹಾಕುತ್ತಿದ್ದದ್ದು ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ. ಬಂಡಿ ಅಲ್ಲಿಗೆ ಹೋಗುವ ಹಾಗಿಲ್ಲ, ಚಕ್ರ ಬಿಚ್ಚಿ ಕೊಂಡುಹೋಗುತ್ತಿದ್ದರು. ಚಕ್ರ ಮಾತ್ರ ನೋಡಿದ ಅಂಗಡಿಯವನು ಬೈಕಿನ ಲೆಕ್ಕದಲ್ಲಿ ಗಟ್ಟಿ ಇರಲಿ ಎಂದು 20 ತುಂಬಿಸಿ ಕಳಿಸುತ್ತಿದ್ದ. ಅವನನ್ನು ದೂರುವ ಹಾಗಿಲ್ಲ, ಅವನ ಗೇಜಿನಲ್ಲಿ ಅಷ್ಟು ಕಡಿಮೆ ಅಂಕಿ ಸರಿಯಾಗಿ ತೋರಿಸುವುದೂ ಇಲ್ಲ.

20 ಪಿಎಸ್‌ಐ ತುಂಬಿದ ಎಟಿವಿ ಟಯರು ನೆಲವನ್ನು ಮುಟ್ಟುವುದು ನಡುಭಾಗದಲ್ಲಿ ಮಾತ್ರ. ಗ್ಯಾರೇಜಿನವರು ವಾಲ್ವ್ ಒತ್ತಿ 6ಕ್ಕೆ ಇಳಿಸಿದರು. ಸಿಮೆಂಟು ನೆಲದ ಮೇಲೆ ಟಯರು ಕಣ್ಣೆದುರೇ ಅಗಲವಾಯಿತು, ಅಂಚಿನ ಗಟ್ಟೆಗಳೂ ಕೆಳಗೆ ಬಂದು ಕೂತವು. ಯಜಮಾನರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮತ್ತೆ "ಹಾಗಾದ್ರೆ ಹೋದ ವರ್ಷ ಜಾರಿದ್ದು ಎಂತ ಸಾವಿಗೆ?" ಎಂದರು.

ಅದೇ ಟಯರಿನಲ್ಲಿ, 6 ಪಿಎಸ್‌ಐ ಗಾಳಿ, ಎಲ್ ಗೇರು, ಮುಕ್ಕಾಲು ಡ್ರಮ್ಮು. ತಿರುವಿನಲ್ಲಿ ಒಂದು ಸಲ ಜಾರಿ, ಹಿಡಿದುಕೊಂಡು, ಹತ್ತಿತು. ಎರಡನೇ ಸಲವೂ ಹತ್ತಿತು. ಗುಡ್ಡೆಯ ಸಮಸ್ಯೆಯಲ್ಲಿ ಟಯರಿನ ಎತ್ತರದ ಪಾತ್ರ ಬಹಳ ಕಡಿಮೆ ಎಂದು ಅಲ್ಲಿಗೆ ಗೊತ್ತಾಯಿತು. ಕೆಳಗಿನ ಕೆಸರಿಗೆ ಮಾತ್ರ ಅದು ಸಾಲಲಿಲ್ಲ. ಮರುದಿನವೇ ಹೊಟ್ಟೆ ತಾಗಿ ಕೂತಿತು.

ತೀರ್ಮಾನ

ಮೂರು ದಾರಿ ಇದ್ದವು. ಒಂದು, 28ನ್ನೇ ಇಟ್ಟುಕೊಂಡು ಹಗುರ ರೋಲರ್, ಗಟ್ಟಿ ಸ್ಪ್ರಿಂಗ್ ಹಾಕಿಸುವುದು. ರೋಲರ್ ಹಗುರವಾದರೆ ಎಂಜಿನ್ ಹೆಚ್ಚು ವೇಗಕ್ಕೆ ಹೋಗುವವರೆಗೆ ಬಂಡಿ ಕೆಳಗಿನ ಅನುಪಾತದಲ್ಲೇ ಇರುತ್ತದೆ, ಎಳೆತ ಉಳಿಯುತ್ತದೆ. ಗ್ಯಾರೇಜಿನವರ ಒಲವು ಇದಕ್ಕೇ. ಎರಡು, ಹಳೇ 25ಕ್ಕೇ ಮರಳಿ ಕೆಳಗಿನ ತೋಟಕ್ಕೆ ಬೇರೆ ಉಪಾಯ ಮಾಡುವುದು. ಮೂರು, ನಡುವಿನ ಅಳತೆ.

ಯಜಮಾನರು ಮೂರನೆಯದನ್ನು ಆರಿಸಿದರು, ಎರಡನೆಯದರ ಅರ್ಧ ಸೇರಿಸಿಕೊಂಡು. ಮುಂದೆ 26×9-12, ಹಿಂದೆ 26×11-12, ಆರು ಪ್ಲೈ (ಪದರದ ಗಟ್ಟಿತನದ ಅಂಕಿ), ಗಟ್ಟೆ ಆಳ ಕಡಿಮೆ ಇರುವ ಆಲ್ ಟೆರೇನ್ ನಮೂನೆ. ಗೇರಿನ ಭಾರ ಏರಿದ್ದು 4 ಶೇಕಡಾ. ಕ್ಲಚ್ ಮುಟ್ಟಬೇಕಾಗಲಿಲ್ಲ. ಪ್ಲೈ ಜಾಸ್ತಿ ಕೇಳಿದ್ದು ಮುರಕಲ್ಲಿನ ಚೂಪಿಗೆ. ನೆಲದಿಂದ ಸಿಕ್ಕಿದ ಎತ್ತರ ಅರ್ಧ ಇಂಚು ಮಾತ್ರ, ಅದನ್ನು ನಂಬಿ ಕೆಸರಿಗೆ ಇಳಿಯುವ ಹಾಗಿಲ್ಲ ಎಂದು ಅವರಿಗೂ ಗೊತ್ತಿತ್ತು.

ಹಾಗಾಗಿ ಹಾರೆ ಹಿಡಿದರು. ಕೆಳಗಿನ ತೋಟದಲ್ಲಿ ನಡುವಿನ ದಿಣ್ಣೆ ಕಡಿದು ಜಾಡಿಗೆ ತುಂಬಿಸಿದರು. ತೀರಾ ಕೆಸರಿನ ತುಂಡಿಗೆ ಹಳೇ ಅಡಿಕೆ ಮರ ಸಿಗಿದ ದಬ್ಬೆಗಳನ್ನು ಅಡ್ಡಕ್ಕೆ ಹಾಸಿ ಮಣ್ಣು ಎಳೆದರು. ಅದರಾಚೆ ಬಂಡಿ ಹೋಗುವುದೇ ಬೇಡವೆಂದು ಪಂಪಿನ ಪೈಪು ಉದ್ದ ಮಾಡಿದರು. ಬಂಡಿ ಅಂಚಿನಲ್ಲಿ ನಿಲ್ಲುತ್ತದೆ, ಮದ್ದು ಒಳಗೆ ಹೋಗುತ್ತದೆ. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಅಂದರೆ, ಬಂಡಿ ಇದೆ ಅಂದಮೇಲೆ ಎಲ್ಲಿಗೂ ಬಂಡಿಯಲ್ಲೇ ಹೋಗಬೇಕು ಅನ್ನಿಸುತ್ತದೆ, ಅಲ್ವಾ? ಗುಡ್ಡೆ ದಾರಿಗೆ ಮಳೆ ಕಳೆದ ಮೇಲೆ ಅಡ್ಡಕಣಿ ತೆಗೆದು ನೀರನ್ನು ಬದಿಗೆ ತಿರುಗಿಸಿದರು. ತಿರುವಿನ ಪಾಚಿಯನ್ನು ಕೆರೆದು ಕಲ್ಲಿಗೆ ಉಳಿಯಲ್ಲಿ ಗೀರು ಹಾಕಿದರು. ಬ್ರೇಕ್ ಪ್ಯಾಡ್ ನಾಲ್ಕೂ ಹೊಸತು.

ಓಡಿಸುವವನಿಗೆ ಸೂಚನೆ ಎರಡೇ: ಟ್ರೇಲರ್ ಸಿಕ್ಕಿಸಿದ್ದರೆ ಎಲ್ ಗೇರು, ಡ್ರಮ್ಮು ಇದ್ದರೆ ಪೂರ್ತಿ ಇರಲಿ ಇಲ್ಲವೇ ಖಾಲಿ. ಅರ್ಧ ತುಂಬಿದ ಡ್ರಮ್ಮಿನಲ್ಲಿ ನೀರು ಕುಲುಕಾಡಿ ತಿರುವಿನಲ್ಲಿ ಟ್ರೇಲರನ್ನು ತಳ್ಳುತ್ತದೆ. ಭಾರ ಕಡಿಮೆ ಮಾಡಬೇಕಾದರೆ ಸಣ್ಣ ಡ್ರಮ್ಮು ತುಂಬಿಸಿ ಒಯ್ಯಬೇಕು.

ಮುಂದಿನ ಮಳೆಗಾಲದಲ್ಲಿ ಬೆಲ್ಟು ಸುಡಲಿಲ್ಲ. ಕೆಳಗಿನ ತೋಟದಲ್ಲಿ ಬಂಡಿ ಆಗೀಗ ಹೂತಿತು, ಹೊಟ್ಟೆ ಕೂತು ನಿಲ್ಲುವಷ್ಟಲ್ಲ. ಗ್ಯಾರೇಜಿನವರು ಈಗಲೂ ಒಪ್ಪುವುದಿಲ್ಲ. "ರೋಲರ್ ಹಾಕಿಸಿ ಎಲ್‌ನಲ್ಲಿ ಓಡಿಸಿದ್ರೆ 28ಕ್ಕೆ ಎಂತ ಆಗ್ತಿರ್ಲಿಲ್ಲ" ಎನ್ನುತ್ತಾರೆ. ಬೆಲ್ಟಿನ ಮಟ್ಟಿಗೆ ಅವರ ಮಾತು ಸರಿ ಇರಬಹುದು. ದಾರಿ ಕಣಿಯಾದದ್ದಕ್ಕೆ, ಅಡಿಕೆ ಬೇರು ತುಂಡಾದದ್ದಕ್ಕೆ ರೋಲರಿನಲ್ಲಿ ಉತ್ತರ ಇಲ್ಲ. ಅದಕ್ಕಾಗಿಯೇ ನಾನು ಯಜಮಾನರ ಪಕ್ಷ.

ಬೇರೆಯವರಿಗೆ ಇದು ಹೊಂದುತ್ತದೆಯೇ

ಎಲ್ಲರಿಗೂ ಹೊಂದದು. ಗದ್ದೆಯ ಕೆಸರಿನಲ್ಲಿ, ಖಾಲಿ ಬಂಡಿ, ಸಮತಟ್ಟು ಜಾಗದಲ್ಲಿ ಓಡಿಸುವವರಿಗೆ 28ರ ಮಡ್ ಟಯರೇ ಸರಿ ಆಗಬಹುದು. ರೋಲರ್ ಜೊತೆಗೇ ಬದಲಿಸಿದರಾಯಿತು. ಮರಳಿನಲ್ಲಿ ಓಡಿಸುವವರಿಗೆ ಆಳದ ಗಟ್ಟೆ ಉಲ್ಟಾ ಹೊಡೆಯುತ್ತದೆ, ಮರಳನ್ನು ಅಗೆದು ಅಲ್ಲೇ ಕೂರುತ್ತದೆ. ಅಲ್ಲಿ ಅಗಲ ಟಯರು, ಕಡಿಮೆ ಗಾಳಿ. ಉಪ್ಪುನೀರು ತಾಗಿದ ದಿನ ಸಿಹಿನೀರಿನಲ್ಲಿ ತೊಳೆಯದಿದ್ದರೆ ಟಯರಿಗಿಂತ ಮೊದಲು ಬೇರಿಂಗ್ ಹೋಗುತ್ತದೆ.

ತೋಡು ದಾಟಿಸುವವರು ಇನ್ನೊಂದು ಗಮನಿಸಬೇಕು. ಟಯರು ಎತ್ತರವಾದ ಧೈರ್ಯದಲ್ಲಿ ಆಳದ ನೀರಿಗೆ ಇಳಿಸುತ್ತಾರೆ. ಆದರೆ ಸಿವಿಟಿಯ ಗಾಳಿ ಕೊಳವೆಯ ಬಾಯಿ ಮೊದಲು ಇದ್ದಲ್ಲಿಂದ ಏರುವುದು ಒಂದೂವರೆ ಇಂಚು ಅಷ್ಟೇ. ಒಳಗೆ ನೀರು ಹೋದರೆ ಬೆಲ್ಟು ಒದ್ದೆಯಾಗಿ ಜಾರುತ್ತದೆ. ಆಗ ಥ್ರಾಟಲ್ ಕೊಟ್ಟು ಎಳೆಯಬಾರದು. ಮುಚ್ಚಳದ ಕೆಳಗಿನ ಡ್ರೈನ್ ಬಿಚ್ಚಿ ನೀರು ಬಿಟ್ಟು, ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಎಂಜಿನ್ ಏರಿಸಿ ಒಣಗಿಸಬೇಕು.

28 ಇಂಚಿನ ಆ ನಾಲ್ಕು ಟಯರು ರಿಮ್ ಸಮೇತ ಮಾರಾಟವಾದವು. ಕುಂದಾಪುರ ಕಡೆಯ ಗದ್ದೆಯವರೊಬ್ಬರು ಒಯ್ದರು. ಕೊಡುವಾಗ ಯಜಮಾನರು ಬೆಲೆಯಲ್ಲಿ ಸ್ವಲ್ಪ ಬಿಟ್ಟರು, ಆ ದುಡ್ಡಿಗೆ ಮೊದಲು ರೋಲರ್ ಹಾಕಿಸಿ ಎಂದು ಹೇಳಿ.